ಬಾವಿಯ ಕೊಡಪಾನದಿಂದ ಕೈಗಾದ ಮೆಗಾವ್ಯಾಟ್‌ವರೆಗೆ: ಕೆಲಸ, ಶಕ್ತಿ, ಸಾಮರ್ಥ್ಯದ ಏಕಮಾನಗಳನ್ನು ಕೈವಶ ಮಾಡಿಕೊಳ್ಳುವ ಬಗೆ

ಪಂಪಿನ ಮೇಲೆ ‘1 ಎಚ್‌ಪಿ’ ಎಂದಿರುತ್ತದೆ. ಗೀಸರಿನ ಮೇಲೆ ‘2000 ವ್ಯಾಟ್’, ಹೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ‘ಯೂನಿಟ್’, ಬಿಸ್ಕತ್ ಪೊಟ್ಟಣದ ಬೆನ್ನಿಗೆ ‘ಕಿಲೋಕ್ಯಾಲರಿ’, ಇನ್‌ವರ್ಟರ್ ಬ್ಯಾಟರಿಗೆ ‘150 ಎಎಚ್’, ಎಸಿಗೆ ‘ಒಂದೂವರೆ ಟನ್’. ಇವುಗಳಲ್ಲಿ ಶಕ್ತಿ ಯಾವುದು, ಸಾಮರ್ಥ್ಯ ಯಾವುದು, ಎರಡೂ ಅಲ್ಲದ್ದು ಯಾವುದು ಎಂದು ಕೇಳಿದರೆ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದವರೂ ತಡವರಿಸುತ್ತಾರೆ. ಸೂತ್ರ ಬಾಯಿಗೆ ಬಂದಿರುತ್ತದೆ, ಏಕಮಾನ ಕೈಗೆ ಸಿಕ್ಕಿರುವುದಿಲ್ಲ.

ಏಕಮಾನ ಕೈಗೆ ಸಿಗಬೇಕಾದರೆ ಅಳೆದು ನೋಡಬೇಕು. ಅದಕ್ಕೆ ಬೇಕಾದ್ದು ಒಂದು ಅಳತೆ ಟೇಪು, ತೂಕದ ತಕ್ಕಡಿ, ಸೆಕೆಂಡು ತೋರಿಸುವ ಮೊಬೈಲು, ಮನೆಯ ವಿದ್ಯುತ್ ಮೀಟರು. ಬಾವಿ, ಪಂಪು, ಬಚ್ಚಲ ಹಂಡೆ, ಅಡಿಕೆ ತೋಟ, ದೇವಿಮನೆ ಘಾಟಿ ಹೇಗೂ ಇವೆ.

ಮಾತಿನ ಗೋಜಲು

ನಮ್ಮ ಮಕ್ಕಳಿಗೆ ಈ ಪಾಠ ಕಷ್ಟವಾಗಲು ಅರ್ಧ ಕಾರಣ ಭೌತಶಾಸ್ತ್ರ, ಇನ್ನರ್ಧ ಕನ್ನಡದ ಆಡುಮಾತು. ‘ಅವನಿಗೆ ಭಾರೀ ಶಕ್ತಿ’ ಎಂದಾಗ ನಾವು ಹೇಳುತ್ತಿರುವುದು ಬಲದ ವಿಷಯ. ‘ಅಶ್ವಶಕ್ತಿ’ (ಎಚ್‌ಪಿ) ಎಂಬ ಪದದಲ್ಲಿ ಶಕ್ತಿ ಇದೆ, ಆದರೆ ಅದು ಸಾಮರ್ಥ್ಯದ ಏಕಮಾನ. ‘ಟ್ಯಾಂಕಿನ ಸಾಮರ್ಥ್ಯ 1000 ಲೀಟರ್’ ಎಂದರೆ ಗಾತ್ರದ ಮಾತು, ವ್ಯಾಟ್‌ಗೂ ಅದಕ್ಕೂ ಸಂಬಂಧವಿಲ್ಲ. ‘ಈ ತಿಂಗಳು ಕರೆಂಟ್ ಜಾಸ್ತಿ ಬಂತು’ ಎನ್ನುತ್ತೇವೆ. ಬಿಲ್ಲಿನಲ್ಲಿರುವುದು ಕರೆಂಟಿನ ಅಳತೆಯಲ್ಲ, ಕರೆಂಟು ಅಂದರೆ ಆಂಪಿಯರ್. ಬಿಲ್ಲು ಬರುವುದು ಶಕ್ತಿಗೆ.

ಆದ್ದರಿಂದ ಮೊದಲ ಹೆಜ್ಜೆಯಾಗಿ ಮೂರು ಪದಗಳಿಗೆ ಮೂರೇ ಅರ್ಥ ಕೊಟ್ಟುಕೊಳ್ಳಿ. ಬಲ ಹಾಕಿ ಒಂದು ವಸ್ತುವನ್ನು ಆ ಬಲದ ದಿಕ್ಕಿನಲ್ಲಿ ಸರಿಸಿದರೆ ಆದದ್ದು ಕೆಲಸ. ಕೆಲಸ ಮಾಡಿಸಬಲ್ಲ ದಾಸ್ತಾನು ಶಕ್ತಿ. ಆ ದಾಸ್ತಾನು ಸೆಕೆಂಡಿಗೆ ಎಷ್ಟರಂತೆ ಖರ್ಚಾಗುತ್ತಿದೆ ಎಂಬುದು ಸಾಮರ್ಥ್ಯ. ಶಿರಸಿ, ಸಿದ್ದಾಪುರ ಕಡೆಯ ಮನೆಗಳಿಗೆ ಗುಡ್ಡದ ಅಬ್ಬಿ (ಝರಿ) ನೀರು ದಂಬೆಯಲ್ಲಿ (ಸೀಳಿದ ಅಡಿಕೆ ಮರದ ತೋಡಿನಲ್ಲಿ) ಹರಿದು ಬರುತ್ತದಲ್ಲ, ಹಾಗೆ: ಹಂಡೆಯಲ್ಲಿ ತುಂಬಿ ನಿಂತ ನೀರು ಶಕ್ತಿಯಿದ್ದಂತೆ, ದಂಬೆಯಿಂದ ಸೆಕೆಂಡಿಗೆ ಬೀಳುವ ನೀರು ಸಾಮರ್ಥ್ಯವಿದ್ದಂತೆ. ಸಣ್ಣ ದಂಬೆಯೂ ರಾತ್ರಿಯಿಡೀ ಬಿದ್ದರೆ ದೊಡ್ಡ ಹಂಡೆ ತುಂಬುತ್ತದೆ. ಇದೊಂದು ಚಿತ್ರ ಮನಸ್ಸಿನಲ್ಲಿ ನಿಂತರೆ ಮುಂದಿನ ಲೆಕ್ಕವೆಲ್ಲ ಗುಣಾಕಾರ, ಭಾಗಾಕಾರ ಅಷ್ಟೇ.

ಕಿಲೋದಿಂದ ನ್ಯೂಟನ್‌ಗೆ

ತಕ್ಕಡಿ ತೋರಿಸುವ ಕಿಲೋಗ್ರಾಂ ರಾಶಿಯ (ದ್ರವ್ಯರಾಶಿಯ) ಅಳತೆ. ಅದನ್ನು ಎತ್ತಲು ಬೇಕಾದ ಬಲ ನ್ಯೂಟನ್‌ನಲ್ಲಿ. ಕಿಲೋಗ್ರಾಂ ಸಂಖ್ಯೆಯನ್ನು 9.8ರಿಂದ ಗುಣಿಸಿ, ನ್ಯೂಟನ್ ಸಿಗುತ್ತದೆ. ಒಂದು ಕಿಲೋ ಅಕ್ಕಿ ಎತ್ತಲು 9.8 ನ್ಯೂಟನ್, ಒಂದು ನ್ಯೂಟನ್ ಎಂದರೆ ಸುಮಾರು 102 ಗ್ರಾಂ ತೂಕದ ಭಾರ. ಕಾರವಾರದ ಅಕ್ಷಾಂಶದಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 9.78, ಆದರೆ 9.8 ಹಿಡಿದರೆ ಬರುವ ವ್ಯತ್ಯಾಸ ಸಾವಿರಕ್ಕೆ ಎರಡು. ಮನೆಯ ಟೇಪಿನ ತಪ್ಪೇ ಅದಕ್ಕಿಂತ ಹೆಚ್ಚಿರುತ್ತದೆ.

ಈ 9.8ರ ಗುಣಾಕಾರ ಮರೆಯುವುದು ಪರೀಕ್ಷೆಯಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಕಿಲೋಗ್ರಾಂ ಅನ್ನು ನೇರವಾಗಿ ಮೀಟರಿಗೆ ಗುಣಿಸಿ ‘ಜೂಲ್’ ಎಂದು ಬರೆದುಬಿಡುತ್ತಾರೆ, ಉತ್ತರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದರ ವಿರುದ್ಧ ತಪ್ಪೂ ಉಂಟು: ಪ್ರಶ್ನೆಯಲ್ಲಿ ಬಲವನ್ನು ನ್ಯೂಟನ್‌ನಲ್ಲೇ ಕೊಟ್ಟಿದ್ದರೂ ಮತ್ತೆ 9.8ರಿಂದ ಗುಣಿಸುವುದು. ಪೆನ್ನು ಇಡುವ ಮೊದಲು ‘ಕೊಟ್ಟಿರುವುದು ರಾಶಿಯೋ ಬಲವೋ’ ಎಂದು ನೋಡಿಕೊಳ್ಳಿ.

ಬಾವಿಕಟ್ಟೆಯಲ್ಲಿ ಒಂದು ಜೂಲ್

ಒಂದು ನ್ಯೂಟನ್ ಬಲ ವಸ್ತುವನ್ನು ತನ್ನ ದಿಕ್ಕಿನಲ್ಲಿ ಒಂದು ಮೀಟರ್ ಸರಿಸಿದರೆ ಒಂದು ಜೂಲ್. ಇದು ತೀರ ಸಣ್ಣ ಅಳತೆ. 100 ಗ್ರಾಂ ತೂಗುವ ಸಣ್ಣ ಮಾವಿನಕಾಯಿಯನ್ನು ನೆಲದಿಂದ ಸೊಂಟದೆತ್ತರಕ್ಕೆ ಎತ್ತಿಟ್ಟಷ್ಟು.

ಬಾವಿಯಲ್ಲಿ ಹೀಗೆ ಅಳೆಯಿರಿ. ನೀರು ತುಂಬಿದ ಕೊಡಪಾನವನ್ನು ತೂಗಿ. ಒಟ್ಟು 12 ಕಿಲೋ ಬಂತು ಎನ್ನಿ. ಹಗ್ಗಕ್ಕೆ ನೀರಿನ ಮಟ್ಟದಲ್ಲೊಂದು, ಕಟ್ಟೆಯ ಮಟ್ಟದಲ್ಲೊಂದು ಗುರುತು ಮಾಡಿ ನಡುವಿನ ಉದ್ದ ಅಳೆಯಿರಿ. 7 ಮೀಟರ್ ಬಂತು ಎನ್ನಿ. ಕೆಲಸ 12 × 9.8 × 7, ಅಂದರೆ ಸುಮಾರು 823 ಜೂಲ್. ಬಾವಿಯ ಪೂರ್ತಿ ಆಳ ಹಿಡಿಯಬಾರದು, ನೀರಿನ ಮೇಲ್ಮೈಯಿಂದ ಲೆಕ್ಕ ಶುರು. ನೀರಿನೊಳಗೆ ಮುಳುಗಿದ ಕೊಡಪಾನವನ್ನು ನೀರೇ ಬಹುಮಟ್ಟಿಗೆ ಹೊರುತ್ತದೆ.

ಕರಾವಳಿಯ ಬಾವಿಯಲ್ಲಿ ಈ ಲೆಕ್ಕ ಋತುವಿನ ಜೊತೆ ಬದಲಾಗುತ್ತದೆ. ಆಷಾಢದಲ್ಲಿ ನೀರು ಕಟ್ಟೆಯಿಂದ 2 ಮೀಟರ್ ಕೆಳಗೇ ಸಿಕ್ಕರೆ ಅದೇ ಕೊಡಪಾನಕ್ಕೆ 235 ಜೂಲ್ ಸಾಕು. ಏಪ್ರಿಲ್ ಕೊನೆಗೆ 11 ಮೀಟರ್‌ಗೆ ಇಳಿದರೆ 1294 ಜೂಲ್ ಬೇಕು. ಕೊಡಪಾನ ಅದೇ, ನೀರೂ ಅದೇ; ರಟ್ಟೆ ನೋವು ಮಾತ್ರ ಐದೂವರೆ ಪಟ್ಟು.

ರಾಟೆ ಹಾಕಿದರೆ ಕೆಲಸ ಕಡಿಮೆಯಾಗುತ್ತದೆಯೇ? ಇಲ್ಲ. ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಎಳೆಯಲು ಬರುತ್ತದೆ, ನಮ್ಮ ಮೈಭಾರವೂ ಜೊತೆಗೆ ಕೂಡುತ್ತದೆ, ಅದಕ್ಕೇ ಹಗುರ ಅನ್ನಿಸುವುದು. ಎಣ್ಣೆ ಕಾಣದೆ ಕಿರಗುಟ್ಟುವ ರಾಟೆಯಾದರೆ 823 ಜೂಲಿಗಿಂತ ಹೆಚ್ಚೇ ಹಾಕಬೇಕು. ಆ ಹೆಚ್ಚಿನದು ಅಚ್ಚಿನಲ್ಲಿ ಬಿಸಿಯಾಗಿ ಹೋಗುತ್ತದೆ.

ತಲೆಯ ಮೇಲಿನ ಮೀನು ಬುಟ್ಟಿ

ಕೆಲಸದ ಪೂರ್ಣ ಸೂತ್ರದಲ್ಲಿ ಇನ್ನೊಂದು ಅಂಶವಿದೆ: ಕೆಲಸ = ಬಲ × ಸ್ಥಾನಪಲ್ಲಟ (ಸರಿದ ದೂರ) × ಅವೆರಡರ ನಡುವಿನ ಕೋನದ ಕೊಸೈನ್. ಬಲವೂ ಚಲನೆಯೂ ಒಂದೇ ದಿಕ್ಕಿಗಿದ್ದರೆ ಕೊಸೈನ್ 1. ಲಂಬವಾಗಿದ್ದರೆ ಸೊನ್ನೆ. ಎದುರುಬದುರಾಗಿದ್ದರೆ ಋಣ 1.

ಕಾರವಾರದ ಬೈತಖೋಲ ಬಂದರಿನಿಂದ 20 ಕಿಲೋ ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಸಮತಟ್ಟು ದಾರಿಯಲ್ಲಿ ಒಂದು ಕಿಲೋಮೀಟರ್ ನಡೆಯುವ ಹೆಂಗಸು ಬುಟ್ಟಿಯ ಮೇಲೆ ಮಾಡಿದ ಕೆಲಸ ಎಷ್ಟು? ಆಕೆ ಹಾಕುವ ಬಲ ಮೇಲ್ಮುಖ, 196 ನ್ಯೂಟನ್. ಬುಟ್ಟಿ ಸಾಗಿದ್ದು ಅಡ್ಡಕ್ಕೆ. ಕೋನ 90 ಡಿಗ್ರಿ. ಉತ್ತರ ಸೊನ್ನೆ.

ಈ ಉತ್ತರ ಕೇಳಿ ಮಕ್ಕಳು ಸಿಟ್ಟಾಗುತ್ತಾರೆ, ಅದು ನ್ಯಾಯವೇ. ಆಕೆ ಬೆವರುವುದು ಸುಳ್ಳೇ? ಸುಳ್ಳಲ್ಲ. ಸೂತ್ರ ಹೇಳುತ್ತಿರುವುದು ಬುಟ್ಟಿಗೆ ಎಷ್ಟು ಶಕ್ತಿ ಸೇರಿತು ಎಂಬುದನ್ನು ಮಾತ್ರ. ಕುತ್ತಿಗೆ, ಬೆನ್ನಿನ ಸ್ನಾಯುಗಳು ಭಾರ ತಡೆದು ನಿಲ್ಲಲು ಒಳಗೊಳಗೇ ಕ್ಷಣಕ್ಷಣವೂ ಬಿಗಿದು ಸಡಿಲಗೊಳ್ಳುತ್ತವೆ, ಅದಕ್ಕೆ ಉಂಡ ಅನ್ನದ ಶಕ್ತಿ ಖರ್ಚಾಗಿ ಮೈಬಿಸಿಯಾಗಿ ಹೊರಬೀಳುತ್ತದೆ. ದಣಿವಿನ ಅಳತೆ ಬೇರೆ, ಬುಟ್ಟಿಯ ಮೇಲಾದ ಕೆಲಸದ ಅಳತೆ ಬೇರೆ. ಪಾಠ ಮಾಡುವವರು ಈ ಎರಡನೇ ಮಾತನ್ನು ಬಿಟ್ಟು ‘ಸೊನ್ನೆ’ ಎಂದಷ್ಟೇ ಹೇಳಿದರೆ ವಿಜ್ಞಾನದ ಮೇಲಿನ ನಂಬಿಕೆಯೇ ಹೋಗುತ್ತದೆ.

ಎತ್ತರದಲ್ಲಿ ಕೂತ ಶಕ್ತಿ, ಓಟದಲ್ಲಿರುವ ಶಕ್ತಿ

ಮೇಲೆತ್ತಿದ ವಸ್ತುವಿನಲ್ಲಿ ಕೆಲಸ ಪ್ರಚ್ಛನ್ನ ಶಕ್ತಿಯಾಗಿ ಉಳಿಯುತ್ತದೆ: ರಾಶಿ × 9.8 × ಎತ್ತರ. ಓಡುವ ವಸ್ತುವಿನಲ್ಲಿ ಚಲನಶಕ್ತಿ: ಅರ್ಧ × ರಾಶಿ × ವೇಗದ ವರ್ಗ. ಎರಡಕ್ಕೂ ಏಕಮಾನ ಜೂಲ್, ಏಕೆಂದರೆ ಶಕ್ತಿ ಎಂದರೆ ಕೆಲಸದ ದಾಸ್ತಾನೇ.

ಅಡಿಕೆ ಮರದಲ್ಲಿ 15 ಮೀಟರ್ ಮೇಲಿರುವ 6 ಕಿಲೋ ತೂಕದ ಕೊನೆಯನ್ನು (ಅಡಿಕೆ ಗೊಂಚಲನ್ನು) ನೋಡಿ. ಅದರಲ್ಲಿ 6 × 9.8 × 15 = 882 ಜೂಲ್ ಕೂತಿದೆ. ಕೈತಪ್ಪಿ ಬಿದ್ದರೆ ಆ 882 ಜೂಲ್ ಅಷ್ಟೂ ಚಲನಶಕ್ತಿಯಾಗಿ ನೆಲ ಮುಟ್ಟುವ ಹೊತ್ತಿಗೆ ವೇಗ ಸೆಕೆಂಡಿಗೆ 17 ಮೀಟರ್, ಅಂದರೆ ಗಂಟೆಗೆ 62 ಕಿಲೋಮೀಟರ್ ಹತ್ತಿರ (ಗಾಳಿಯ ತಡೆ ಬಿಟ್ಟು). ಕೆಳಗೆ ನಿಂತವನ ತಲೆಗೆ ಬೈಕು ಗುದ್ದಿದ ವೇಗ ಅದು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಅದನ್ನು ಹಗ್ಗದಲ್ಲಿ ಜಾರಿಸಿ ಕಳಿಸುವುದರಲ್ಲಿ, ಕೆಳಗಿನವನು ಹಗ್ಗ ಬಿಗಿಹಿಡಿಯುವುದರಲ್ಲಿ ಇಡೀ ಪಾಠವಿದೆ: ಎತ್ತರದ ಶಕ್ತಿ ಹಗ್ಗದ ಘರ್ಷಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಸಿಯಾಗಿ ಕಳೆಯುತ್ತದೆ, ಕೊನೆ ಮೆತ್ತಗೆ ಇಳಿಯುತ್ತದೆ.

ಚಲನಶಕ್ತಿಯಲ್ಲಿ ಎಡವುವುದು ಎರಡು ಕಡೆ. ಒಂದು, ಗಂಟೆಗೆ ಕಿಲೋಮೀಟರ್ ಲೆಕ್ಕವನ್ನು ಹಾಗೇ ಸೂತ್ರಕ್ಕೆ ಹಾಕುವುದು. ಮೊದಲು 3.6ರಿಂದ ಭಾಗಿಸಿ ಸೆಕೆಂಡಿಗೆ ಮೀಟರ್ ಮಾಡಬೇಕು. 36 ಎಂದರೆ 10, 72 ಎಂದರೆ 20. ಇನ್ನೊಂದು, ವರ್ಗ ಮಾಡುವುದನ್ನು ಮರೆಯುವುದು. ಹೆದ್ದಾರಿ 66ರಲ್ಲಿ 10,000 ಕಿಲೋ ಬಸ್ಸು 36ರಲ್ಲಿ ಓಡುವಾಗ 5 ಲಕ್ಷ ಜೂಲ್, 72ರಲ್ಲಿ 20 ಲಕ್ಷ ಜೂಲ್. ವೇಗ ಎರಡು ಪಟ್ಟು, ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು.

ಗಡಿಯಾರ ಹಿಡಿದಾಗ ವ್ಯಾಟ್

ಇಷ್ಟು ಹೊತ್ತು ಸಮಯದ ಮಾತೇ ಬರಲಿಲ್ಲ. ಕೊಡಪಾನವನ್ನು ಹತ್ತು ಸೆಕೆಂಡಿನಲ್ಲಿ ಸೇದಿದರೂ ಒಂದು ನಿಮಿಷ ತೆಗೆದುಕೊಂಡರೂ ಕೆಲಸ 823 ಜೂಲೇ. ಬದಲಾಗುವುದು ಸಾಮರ್ಥ್ಯ: ಜೂಲನ್ನು ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್. 20 ಸೆಕೆಂಡಿಗೆ 41 ವ್ಯಾಟ್, 10 ಸೆಕೆಂಡಿಗೆ 82 ವ್ಯಾಟ್.

ಮನುಷ್ಯನ ಮೈಯನ್ನೂ ಹೀಗೆ ಅಳೆಯಬಹುದು. ದಿನಕ್ಕೆ 2000 ಕಿಲೋಕ್ಯಾಲರಿ ಊಟ ಮಾಡುವವರಿಗೆ ಒಂದು ಕಿಲೋಕ್ಯಾಲರಿಗೆ 4184 ಜೂಲಿನಂತೆ ಸುಮಾರು 84 ಲಕ್ಷ ಜೂಲ್ ಸಿಗುತ್ತದೆ. ದಿನದ 86,400 ಸೆಕೆಂಡಿಗೆ ಹಂಚಿದರೆ 97 ವ್ಯಾಟ್. ಹಳೆಯ 100 ವ್ಯಾಟ್ ಬಲ್ಬಿಗೂ ಉಂಡು ಮಲಗಿದ ನಮಗೂ ಹೆಚ್ಚು ಅಂತರವಿಲ್ಲ.

ಅಶ್ವಶಕ್ತಿಯ ಕಥೆ ಚಿಕ್ಕದು. ಉಗಿ ಯಂತ್ರ ಮಾರಲು ಹೊರಟ ಜೇಮ್ಸ್ ವ್ಯಾಟ್ (1736–1819) ಗಿರಾಕಿಗಳಿಗೆ ಅರ್ಥವಾಗಲೆಂದು ಯಂತ್ರವನ್ನು ಕುದುರೆಗೆ ಹೋಲಿಸಿದ. ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವಷ್ಟು ಎಂದು ನಿಗದಿ ಮಾಡಿದ. ಇಂದಿನ ಲೆಕ್ಕದಲ್ಲಿ ಅದು 746 ವ್ಯಾಟ್. ಮೆಟ್ರಿಕ್ ಅಶ್ವಶಕ್ತಿ ಎಂಬ ಇನ್ನೊಂದಿದೆ, ಅದು 735.5 ವ್ಯಾಟ್, ದೋಣಿಯ ಎಂಜಿನ್ನಿನ ಮೇಲೆ ‘ಪಿಎಸ್’ ಎಂದಿದ್ದರೆ ಅದು ಈ ಎರಡನೆಯದು. ಮನೆಯ ಲೆಕ್ಕಕ್ಕೆ ಮುಕ್ಕಾಲು ಕಿಲೋವ್ಯಾಟ್ ಎಂದು ನೆನಪಿಟ್ಟರೆ ಸಾಕು.

ಯೂನಿಟ್ ಎಂದರೆ ಏನು

ಬಿಲ್ಲಿನ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ. 1000 ವ್ಯಾಟ್ ಅನ್ನು 3600 ಸೆಕೆಂಡಿಗೆ ಗುಣಿಸಿದರೆ 36 ಲಕ್ಷ ಜೂಲ್. ಹೆಸರಿನಲ್ಲಿ ವ್ಯಾಟ್ ಇರುವುದರಿಂದ ಇದನ್ನು ಸಾಮರ್ಥ್ಯ ಎಂದುಕೊಳ್ಳುತ್ತಾರೆ. ಕಿಲೋವ್ಯಾಟ್ *ಗುಣಿಸು* ಗಂಟೆ ಅದು. ‘ಗಂಟೆಗೆ ಇಷ್ಟು ಕಿಲೋವ್ಯಾಟ್’ ಅಲ್ಲ. ವ್ಯಾಟ್ ಒಳಗೇ ‘ಸೆಕೆಂಡಿಗೆ’ ಎಂಬುದು ಅಡಗಿದೆ, ಮತ್ತೆ ‘ಗಂಟೆಗೆ’ ಸೇರಿಸಿದರೆ ಅರ್ಥ ಕೆಡುತ್ತದೆ. ಪತ್ರಿಕೆಗಳಲ್ಲೂ ‘ದಿನಕ್ಕೆ ಇಷ್ಟು ಮೆಗಾವ್ಯಾಟ್ ಬಳಕೆ’ ಎಂಬ ಸಾಲು ಕಾಣುತ್ತದೆ. ಅಲ್ಲಿ ಬರಬೇಕಾದ್ದು ಯೂನಿಟ್.

ನಮ್ಮ ಬಾವಿಯ ಲೆಕ್ಕದಲ್ಲಿ ಒಂದು ಯೂನಿಟ್ ಎಂದರೆ 7 ಮೀಟರ್ ಆಳದಿಂದ ಸುಮಾರು 4,370 ಕೊಡಪಾನ ನೀರು. ಒಂದು ಯೂನಿಟ್ಟಿಗೆ ಕೊಡುವ ಕೆಲವು ರೂಪಾಯಿಯನ್ನು ಇದರ ಎದುರು ಇಟ್ಟು ನೋಡಿ.

ಸರ್ಕಾರದ ಯೋಜನೆಗಳಲ್ಲೇ ಎರಡೂ ಏಕಮಾನ ಸಿಗುತ್ತವೆ. ಕರ್ನಾಟಕದಲ್ಲಿ ನೀರಾವರಿ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿಗೆ ಮಿತಿ 10 ಎಚ್‌ಪಿ. ಅದು ಸಾಮರ್ಥ್ಯದ ಮಿತಿ, ಯಂತ್ರ ಎಷ್ಟು ದೊಡ್ಡದು ಎಂಬುದಕ್ಕೆ. 2023ರಲ್ಲಿ ಬಂದ ಗೃಹಜ್ಯೋತಿಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಅದು ಶಕ್ತಿಯ ಮಿತಿ, ಒಟ್ಟು ಎಷ್ಟು ಬಳಸಿದಿರಿ ಎಂಬುದಕ್ಕೆ. ಬಿಲ್ಲಿನಲ್ಲೂ ನಿಗದಿತ ಶುಲ್ಕ ಮಂಜೂರಾದ ಕಿಲೋವ್ಯಾಟ್ ಮೇಲೆ, ಬಳಕೆಯ ಶುಲ್ಕ ಯೂನಿಟ್ ಮೇಲೆ.

ಈಗ ಮೀಟರಿನ ಮುಂದೆ ನಿಲ್ಲಿ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ 1600 ಅಥವಾ 3200 ಎಂಬಂಥ ಅಂಕಿ ಮುದ್ರಿಸಿರುತ್ತದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂದರ್ಥ. ಫ್ರಿಜ್ ಸೇರಿ ಎಲ್ಲ ಉಪಕರಣ ಆರಿಸಿ, ಅಳೆಯಬೇಕಾದ ಒಂದನ್ನು ಮಾತ್ರ ಹಾಕಿ. ಒಂದು ಮಿನುಗಿಗೆ ‘ಸೊನ್ನೆ’ ಎಂದು ಹೇಳಿ ಗಡಿಯಾರ ಒತ್ತಿ, ಮುಂದಿನದು ‘ಒಂದು’. ಮೊದಲ ಮಿನುಗನ್ನೇ ಒಂದು ಎಂದು ಎಣಿಸಿದರೆ ಲೆಕ್ಕಕ್ಕೆ ಒಂದು ಹೆಚ್ಚು ಬರುತ್ತದೆ. ಕಡಿಮೆ ಎಣಿಸಿದಷ್ಟೂ ಈ ತಪ್ಪು ದೊಡ್ಡದು. ಇಪ್ಪತ್ತಕ್ಕೆ ನಿಲ್ಲಿಸಿ.

ವ್ಯಾಟ್ = ಮಿನುಗಿನ ಸಂಖ್ಯೆ × 36,00,000 ÷ (ಮೀಟರಿನ ಅಂಕಿ × ಸೆಕೆಂಡು)

3200ರ ಮೀಟರಿನಲ್ಲಿ 20 ಮಿನುಗಿಗೆ 15 ಸೆಕೆಂಡು ಹಿಡಿದರೆ 1500 ವ್ಯಾಟ್. ಆದರೆ ನೀವು ಹಾಕಿದ್ದು 2000 ವ್ಯಾಟ್ ಗೀಸರು! ಮೀಟರು ಕೆಟ್ಟಿದೆ ಎಂದು ದೂರು ಬರೆಯುವ ಮೊದಲು ವೋಲ್ಟೇಜು ನೋಡಿ. ಗೀಸರಿನ ಮೇಲಿನ 2000 ವ್ಯಾಟ್ 230 ವೋಲ್ಟಿಗೆ ಹೇಳಿದ್ದು. ಕಾಯಿಸುವ ಸುರುಳಿಯ ಸಾಮರ್ಥ್ಯ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗೆ ಸಂಜೆ 200 ವೋಲ್ಟೇ ಬಂದರೆ 2000ದ ನಾಲ್ಕನೇ ಮೂರು ಭಾಗ, ಸುಮಾರು 1510 ವ್ಯಾಟ್. ಮೀಟರು ಸರಿಯಾಗಿಯೇ ಇದೆ.

ಬಿಸಿನೀರಿನ ಲೆಕ್ಕ

ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4186 ಜೂಲ್ ಬೇಕು. ಹಳೆಯ ಕಿಲೋಕ್ಯಾಲರಿ ಹುಟ್ಟಿದ್ದೇ ಇದರಿಂದ. ಶಾಖವೂ ಕೆಲಸವೂ ಒಂದೇ ಏಕಮಾನದಲ್ಲಿ ಅಳೆಯುವ ವಸ್ತು ಎಂದು ತೋರಿಸಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ (1818–1889). ಬೀಳುವ ತೂಕದಿಂದ ನೀರಿನೊಳಗೆ ಹುಟ್ಟಿನಂಥ ಚಕ್ರ ತಿರುಗಿಸಿ ನೀರು ಬಿಸಿಯಾಗುವುದನ್ನು ಅವನು ಅಳೆದ. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಬೀಳುತ್ತದೆ. ಒಂದು ಕಿಲೋ ನೀರಿಗೆ 1137 ಜೂಲ್. ಎಲ್ಲವೂ ಬಿಸಿಯಾಗಿ ನೀರಲ್ಲೇ ಉಳಿದರೂ ಏರುವುದು ಕಾಲು ಡಿಗ್ರಿ ಚಿಲ್ಲರೆ. ಇಷ್ಟು ಆರ್ಭಟದ ಜಲಪಾತಕ್ಕೆ ಇಷ್ಟೇ ಬಿಸಿ! ನೀರು ಕಾಯಿಸುವುದು ಎಷ್ಟು ದುಬಾರಿ ಎಂಬುದು ಇಲ್ಲಿ ಅರಿವಿಗೆ ಬರುತ್ತದೆ.

ಸ್ನಾನಕ್ಕೆ 20 ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು 20 × 4186 × 20, ಹತ್ತಿರ ಹತ್ತಿರ 16.7 ಲಕ್ಷ ಜೂಲ್. 36 ಲಕ್ಷದಿಂದ ಭಾಗಿಸಿದರೆ 0.47 ಯೂನಿಟ್. 2000 ವ್ಯಾಟ್ ಪೂರ್ತಿ ಸಿಕ್ಕರೆ 14 ನಿಮಿಷ. 1510 ವ್ಯಾಟ್ ಸಿಕ್ಕರೆ ಹದಿನೆಂಟೂವರೆ ನಿಮಿಷ. ಗಮನಿಸಿ: ವೋಲ್ಟೇಜು ಇಳಿದಾಗ ಸಾಮರ್ಥ್ಯ ಇಳಿಯಿತು, ಸಮಯ ಏರಿತು, ಯೂನಿಟ್ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ ಎರಡು ಯೂನಿಟ್ ಹತ್ತಿರ. ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ, ಸೋಗೆ ತುರುಕಿ ಹಂಡೆ ಕಾಯಿಸುವ ಮನೆಯ ಬಿಲ್ಲು ಯಾಕೆ ಕಡಿಮೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಪಂಪು: ಮೂರು ಏಕಮಾನ ಒಂದೇ ಕಡೆ

ಇಡೀ ವಿಷಯ ಅರ್ಥವಾಗಿದೆಯೇ ಎಂದು ನೋಡಲು ಪಂಪಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. 1 ಎಚ್‌ಪಿ ಪಂಪು 1000 ಲೀಟರ್ ಟ್ಯಾಂಕನ್ನು 12 ನಿಮಿಷದಲ್ಲಿ ತುಂಬುತ್ತದೆ ಎಂದಿಟ್ಟುಕೊಳ್ಳಿ.

ಮೊದಲು ಎತ್ತರ. ಬಾವಿಯ ನೀರಿನ ಮೇಲ್ಮೈಯಿಂದ ಟ್ಯಾಂಕಿನ ಒಳಗೆ ಪೈಪಿನ ಬಾಯಿ ಇರುವವರೆಗೆ ಅಳೆಯಬೇಕು. ಪಂಪು ಎಲ್ಲಿ ಕೂತಿದೆ ಎಂಬುದು ಈ ಅಳತೆಗೆ ಸಂಬಂಧಿಸಿದ್ದಲ್ಲ. ಪಂಪಿನ ಮಟ್ಟದಿಂದ ಮೇಲಕ್ಕೆ ಮಾತ್ರ ಅಳೆದು ಬಾವಿಯೊಳಗಿನ ಆಳ ಬಿಟ್ಟರೆ ಲೆಕ್ಕ ತಪ್ಪುತ್ತದೆ. 15 ಮೀಟರ್ ಬಂತು ಎನ್ನಿ.

ನೀರಿಗೆ ಸೇರಿದ ಶಕ್ತಿ 1000 × 9.8 × 15 = 1,47,000 ಜೂಲ್. 720 ಸೆಕೆಂಡಿನಿಂದ ಭಾಗಿಸಿದರೆ ನೀರಿಗೆ ಸಿಕ್ಕ ಸಾಮರ್ಥ್ಯ 204 ವ್ಯಾಟ್.

ಈಗ ಮೀಟರಿನ ಮಿನುಗು ಎಣಿಸಿ. 1000 ವ್ಯಾಟ್ ತೋರಿಸಿತು ಎನ್ನಿ. 12 ನಿಮಿಷಕ್ಕೆ 7,20,000 ಜೂಲ್, ಅಂದರೆ 0.2 ಯೂನಿಟ್. ಕೊಟ್ಟದ್ದು 1000, ಸಿಕ್ಕಿದ್ದು 204. ದಕ್ಷತೆ ನೂರಕ್ಕೆ ಇಪ್ಪತ್ತು.

ಇಲ್ಲಿ ಮೂರು ಬೇರೆ ಬೇರೆ ವ್ಯಾಟ್‌ಗಳಿವೆ, ಗೊಂದಲವಾಗುವುದು ಇಲ್ಲೇ. ಮೋಟಾರಿನ ಫಲಕದ ಮೇಲಿನ 1 ಎಚ್‌ಪಿ, ಅಂದರೆ 746 ವ್ಯಾಟ್, ಮೋಟಾರು ತನ್ನ ತಿರುಗುವ ದಂಡಿಗೆ (ಶಾಫ್ಟಿಗೆ) ಕೊಡಬಲ್ಲ ಸಾಮರ್ಥ್ಯ. ಅದನ್ನು ಕೊಡಲು ಅದು ತಂತಿಯಿಂದ ಎಳೆಯುವುದು ಹೆಚ್ಚು, ಅದೇ ಮೀಟರಿನ 1000. ದಂಡಿಗೆ ಬಂದದ್ದರಲ್ಲಿ ಪಂಪಿನ ಒಳಗಿನ ಸುಳಿ, ಸೋರಿಕೆ, ಪೈಪಿನ ಘರ್ಷಣೆ ಕಳೆದು ನೀರಿಗೆ ಸೇರುವುದು 204. ‘746 ವ್ಯಾಟ್ ಪಂಪು ಒಂದು ಗಂಟೆ ಓಡಿದರೆ 0.746 ಯೂನಿಟ್’ ಎಂದು ಲೆಕ್ಕ ಹಾಕಿ ಬಿಲ್ಲು ಹೆಚ್ಚಾಯಿತೆಂದು ಗಾಬರಿಯಾಗುವವರು ಈ ಮೊದಲ ಎರಡರ ವ್ಯತ್ಯಾಸ ನೋಡಿರುವುದಿಲ್ಲ.

ದಕ್ಷತೆ ಇನ್ನೂ ಕೆಳಗಿದ್ದರೆ ಮೊದಲು ಪೈಪು ನೋಡಿ. ಅಷ್ಟೇ ನೀರನ್ನು ಅರ್ಧ ವ್ಯಾಸದ ಪೈಪಿನಲ್ಲಿ ನುಗ್ಗಿಸಿದರೆ ಘರ್ಷಣೆಯ ನಷ್ಟ ಸುಮಾರು ಮೂವತ್ತು ಪಟ್ಟು ಏರುತ್ತದೆ. ಹಣ ಉಳಿಸಲು ಸಣ್ಣ ಪೈಪು ಹಾಕಿದವರು ಅದನ್ನು ಕಿಲೋವ್ಯಾಟ್ ಗಂಟೆಯಲ್ಲಿ ವರ್ಷಗಟ್ಟಲೆ ತೆರುತ್ತಾರೆ. ಆಮೇಲೆ ಬಾವಿಯೊಳಗಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿನ ಜಾಲರಿಗೆ ಎಲೆ, ಪಾಚಿ ಕಟ್ಟಿದೆಯೇ ನೋಡಿ. ಬೇಸಿಗೆಯಲ್ಲಿ ಮೇಲೆ ಕೂರಿಸಿದ ಪಂಪು ನೀರೆತ್ತುವುದನ್ನೇ ಬಿಟ್ಟರೆ ಕಾರಣ ಸಾಮಾನ್ಯವಾಗಿ ಸಾಮರ್ಥ್ಯವಲ್ಲ: ಪಂಪು ನೀರನ್ನು ಮೇಲಕ್ಕೆ ‘ಹೀರುವುದು’ ಎಂದರೆ ಹೊರಗಿನ ಗಾಳಿಯ ಒತ್ತಡ ನೀರನ್ನು ತಳ್ಳುವುದು. ಆ ಒತ್ತಡ ಲೆಕ್ಕದಲ್ಲಿ 10.3 ಮೀಟರ್‌ವರೆಗೆ, ರೂಢಿಯಲ್ಲಿ ಆರೇಳು ಮೀಟರ್‌ವರೆಗೆ ಮಾತ್ರ ಸಾಕಾಗುತ್ತದೆ. ಅಂಥ ಕಡೆ 1 ತೆಗೆದು 2 ಎಚ್‌ಪಿ ಕೂರಿಸಿದರೂ ಪ್ರಯೋಜನವಿಲ್ಲ, ಪಂಪನ್ನು ಕೆಳಗಿಳಿಸಬೇಕು ಇಲ್ಲವೇ ನೀರಿನೊಳಗೆ ಮುಳುಗುವ ಪಂಪು ಹಾಕಬೇಕು.

ವೋಲ್ಟೇಜು ಇಳಿದಾಗ ಪಂಪು ಗೀಸರಿನಂತೆ ಸುಮ್ಮನಿರುವುದಿಲ್ಲ. ಎತ್ತುವ ಭಾರ ಹಾಗೇ ಇರುವುದರಿಂದ ಮೋಟಾರು ಹೆಚ್ಚು ಆಂಪಿಯರ್ ಎಳೆದು ಸುರುಳಿ ಕಾಯಿಸಿಕೊಳ್ಳುತ್ತದೆ. ಕಾಯಿಲ್ ಸುಡುವುದು ಹೀಗೆ.

ವೇಷ ಮರೆಸಿದ ಏಕಮಾನಗಳು

ಎಎಚ್ ಎಂದರೆ ಆಂಪಿಯರ್ ಗಂಟೆ. ಅದು ಶಕ್ತಿಯೂ ಅಲ್ಲ, ಸಾಮರ್ಥ್ಯವೂ ಅಲ್ಲ, ವಿದ್ಯುದಾವೇಶದ ಅಳತೆ. ವೋಲ್ಟೇಜಿನಿಂದ ಗುಣಿಸಿದಾಗಲೇ ಶಕ್ತಿ: 150 ಎಎಚ್ × 12 ವೋಲ್ಟ್ = 1800 ವ್ಯಾಟ್ ಗಂಟೆ, 1.8 ಯೂನಿಟ್. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದ ರಾತ್ರಿ ಎರಡು ಫ್ಯಾನು, ನಾಲ್ಕು ದೀಪ ಸೇರಿ 200 ವ್ಯಾಟ್ ಹಾಕಿದರೆ ಕಾಗದದ ಮೇಲೆ ಒಂಬತ್ತು ಗಂಟೆ. ಇನ್‌ವರ್ಟರಿನ ಒಳನಷ್ಟ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದೆಂಬ ನಿಯಮ, ಬ್ಯಾಟರಿಯ ವಯಸ್ಸು ಇವನ್ನು ಕಳೆದರೆ ಐದಾರು ಗಂಟೆಗೆ ತಯಾರಾಗಿರಿ.

ಎಸಿಯ ‘ಟನ್’ ತೂಕವಲ್ಲ, ಸಾಮರ್ಥ್ಯ. ಇದು ಮಂಜುಗಡ್ಡೆಯ ಕಾಲದ ಏಕಮಾನ: 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ದರ, ಸುಮಾರು 3.5 ಕಿಲೋವ್ಯಾಟ್. ಬಂದರಿನಲ್ಲಿ ಮೀನಿಗೆ ಮಂಜುಗಡ್ಡೆ ಒಡೆದು ಹಾಕುವವರಿಗೆ ಈ ಏಕಮಾನ ಬೇಗ ತಿಳಿಯಬೇಕು. ಒಂದು ಟನ್ ಎಸಿ ಮೀಟರಿನಿಂದ ಎಳೆಯುವುದು ಒಂದು ಕಿಲೋವ್ಯಾಟ್ ಆಸುಪಾಸು ಮಾತ್ರ, ಏಕೆಂದರೆ ಅದು ಶಾಖವನ್ನು ಹುಟ್ಟಿಸುವುದಿಲ್ಲ, ಒಳಗಿನಿಂದ ಹೊರಗೆ ಸಾಗಿಸುತ್ತದೆ.

ಕೈಗಾ ಅಣುವಿದ್ಯುತ್ ಸ್ಥಾವರದಂಥ ಕಡೆ ಎಲೆಕ್ಟ್ರಾನ್ ವೋಲ್ಟ್ ಎಂಬ ಅತಿ ಸಣ್ಣ ಶಕ್ತಿಯ ಏಕಮಾನ ಬರುತ್ತದೆ. ಒಂದು ಯುರೇನಿಯಂ-235 ಪರಮಾಣುವಿನ ಬೀಜ ಒಡೆದರೆ ಬರುವುದು ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್. ದೊಡ್ಡದೆನಿಸಿದರೂ ಜೂಲಿನ ಮುಂದೆ ಏನೂ ಅಲ್ಲ. ಒಂದು ವ್ಯಾಟ್ ಶಾಖಕ್ಕೆ ಪ್ರತಿ ಸೆಕೆಂಡೂ ಸುಮಾರು 3,100 ಕೋಟಿ ಬೀಜ ಒಡೆಯಬೇಕು.

ಮೆಗಾವ್ಯಾಟ್‌ನ ಎತ್ತರದಲ್ಲಿ

ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. 220 ಮೆಗಾವ್ಯಾಟ್ ಎಂದರೆ ಸೆಕೆಂಡಿಗೆ 22 ಕೋಟಿ ಜೂಲ್; ನಮ್ಮ ಬಾವಿಯ ಲೆಕ್ಕಕ್ಕೆ ಪ್ರತಿ ಸೆಕೆಂಡೂ 2.67 ಲಕ್ಷ ಕೊಡಪಾನ. ಒಂದು ಗಂಟೆ ಪೂರ್ತಿ ಓಡಿದರೆ 2.2 ಲಕ್ಷ ಯೂನಿಟ್, ಒಂದು ದಿನಕ್ಕೆ 52.8 ಲಕ್ಷ ಯೂನಿಟ್.

ಕಾಳಿ ನದಿಯ ಕದ್ರಾದಲ್ಲಿ 50 ಮೆಗಾವ್ಯಾಟ್‌ನ ಮೂರು, ಕೊಡಸಳ್ಳಿಯಲ್ಲಿ 40ರ ಮೂರು, ಶರಾವತಿಯ ಗೇರುಸೊಪ್ಪೆಯಲ್ಲಿ 60ರ ನಾಲ್ಕು ಯಂತ್ರಗಳಿವೆ. ಗೇರುಸೊಪ್ಪೆಯ 240 ಮೆಗಾವ್ಯಾಟ್ ಕೈಗಾದ ಒಂದು ಘಟಕಕ್ಕಿಂತ ದೊಡ್ಡದು, ಹಾಗಾದರೆ ವರ್ಷಕ್ಕೆ ಹೆಚ್ಚು ಯೂನಿಟ್ ಕೊಡುತ್ತದೆಯೇ? ಮೆಗಾವ್ಯಾಟ್ ಒಂದರಿಂದಲೇ ಹೇಳಲು ಬರುವುದಿಲ್ಲ. ಜಲವಿದ್ಯುತ್ ಯಂತ್ರ ನೀರಿದ್ದಾಗ, ಬೇಡಿಕೆ ಇದ್ದಾಗ ತಿರುಗುತ್ತದೆ. ಕೈಗಾದ 1ನೇ ಘಟಕವಾದರೋ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿತು. ಯೂನಿಟ್ ಬೇಕೆಂದರೆ ಮೆಗಾವ್ಯಾಟ್ ಜೊತೆ ಗಂಟೆಯನ್ನೂ ಕೇಳಲೇಬೇಕು.

ಬರೆಯುವಾಗ ಅಕ್ಷರದ ಎಚ್ಚರ ಇರಲಿ. ಇಂಗ್ಲಿಷಿನ ದೊಡ್ಡಕ್ಷರ ಎಂ ಮೆಗಾ, ಅಂದರೆ ಹತ್ತು ಲಕ್ಷ. ಸಣ್ಣಕ್ಷರ ಎಂ ಮಿಲಿ, ಸಾವಿರದಲ್ಲೊಂದು. ಒಂದು ಅಕ್ಷರದ ತಪ್ಪಿಗೆ ನೂರು ಕೋಟಿ ಪಟ್ಟು ವ್ಯತ್ಯಾಸ. ಕಿಲೋಗೆ ಸಣ್ಣಕ್ಷರ ಕೆ, ವ್ಯಾಟ್‌ಗೂ ಜೂಲ್‌ಗೂ ನ್ಯೂಟನ್‌ಗೂ ದೊಡ್ಡಕ್ಷರ, ಏಕೆಂದರೆ ಅವು ವ್ಯಕ್ತಿಗಳ ಹೆಸರು.

ಕುಮಟಾದಿಂದ ಶಿರಸಿಗೆ

ಕೊನೆಯದಾಗಿ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಹಾಕಿ ನೋಡಿ. ಜನರೂ ಸೇರಿ 12,000 ಕಿಲೋ ತೂಗುವ ಬಸ್ಸು ಸಮುದ್ರಮಟ್ಟದ ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಸುಮಾರು 590 ಮೀಟರ್ ಎತ್ತರದ ಶಿರಸಿಗೆ ಬರುತ್ತದೆ. ಪ್ರತಿ ಸಾಲಿನ ಮುಂದೆ ಏಕಮಾನ ಬರೆಯುತ್ತ ಹೋಗಿ. ಕೊನೆಯಲ್ಲಿ ಬೇಕಾದ ಏಕಮಾನ ಬರದಿದ್ದರೆ ಸೂತ್ರವೇ ತಪ್ಪಿದೆ ಎಂದರ್ಥ.

ಎತ್ತರ ಏರಲು 12,000 × 9.8 × 590, ಸುಮಾರು 6.94 ಕೋಟಿ ಜೂಲ್. 36 ಲಕ್ಷದಿಂದ ಭಾಗಿಸಿದರೆ 19.3 ಯೂನಿಟ್. ಏರಿನ ಭಾಗಕ್ಕೆ 40 ನಿಮಿಷ, ಅಂದರೆ 2400 ಸೆಕೆಂಡು ಹಿಡಿದರೆ ಏರಿಗೇ ಬೇಕಾದ ಸರಾಸರಿ ಸಾಮರ್ಥ್ಯ 28.9 ಕಿಲೋವ್ಯಾಟ್, 39 ಎಚ್‌ಪಿ ಹತ್ತಿರ. ಗಾಳಿಯ ತಡೆ, ಟೈರಿನ ಘರ್ಷಣೆ ಇದರ ಮೇಲೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 3.6 ಕೋಟಿ ಜೂಲ್ ಇರುತ್ತದೆ; ಎಂಜಿನ್ನು ಅದರಲ್ಲಿ ಮೂರನೇ ಒಂದು ಪಾಲನ್ನು ಚಕ್ರಕ್ಕೆ ಮುಟ್ಟಿಸಿದರೂ ಎತ್ತರಕ್ಕೆಂದೇ ಆರು ಲೀಟರಿನಷ್ಟು ಉರಿಯಬೇಕು.

ಇಳಿಯುವಾಗ ಅದೇ 6.94 ಕೋಟಿ ಜೂಲ್ ಎಲ್ಲಾದರೂ ಹೋಗಬೇಕು. 25 ಡಿಗ್ರಿಯ 221 ಲೀಟರ್ ನೀರನ್ನು ಕುದಿಯುವ ಹದಕ್ಕೆ ತರುವಷ್ಟು ಬಿಸಿ ಅದು. ಅಷ್ಟನ್ನೂ ಬ್ರೇಕಿಗೇ ಬಿಟ್ಟರೆ ಲೈನರ್ ಕಾದು ಹಿಡಿತ ಸಡಿಲವಾಗುತ್ತದೆ. ಘಾಟಿ ಇಳಿಯುವಾಗ ಚಾಲಕ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ತಡೆಯಲ್ಲೇ ಬಸ್ಸನ್ನು ಇಳಿಸುವುದು, ಆ ಜೂಲಿನ ದೊಡ್ಡ ಪಾಲನ್ನು ಬ್ರೇಕಿನ ಬದಲು ಎಂಜಿನ್ನು, ರೇಡಿಯೇಟರು ಹೊರಹಾಕಲಿ ಎಂದು.